ಮುನ್ಶಿ ಚಾಚಾರ ಲಾಗಿನ್

ಮುನ್ಶಿ ಚಾಚಾರ ಬಲಗೈ ಹೆಬ್ಬೆರಳು ಸದಾ ನೀಲಿಯಾಗಿರುತ್ತಿತ್ತು. ಉಗುರಿನ ಸಂದಿಯಲ್ಲಿ, ಚರ್ಮದ ಗೆರೆಗಳಲ್ಲಿ ಸ್ಟ್ಯಾಂಪ್ ಪ್ಯಾಡಿನ ಮಸಿ ಇಳಿದು ಕೂತಿತ್ತು, ಯಾವ ಸಾಬೂನಿಗೂ ಜಗ್ಗುತ್ತಿರಲಿಲ್ಲ. ಹುಮನಾಬಾದಿನ ನಮ್ಮ ಆಸ್ಪತ್ರೆಗೆ ಬರುವ ಹಳ್ಳಿಯ ಹೆಂಗಸರಲ್ಲಿ ಸಹಿ ಬಾರದವರ ಬೆರಳು ಹಿಡಿದು, ಪ್ಯಾಡಿಗೆ ಒತ್ತಿ, ಕಾಗದಕ್ಕೆ ಒತ್ತಿ, ಆಮೇಲೆ ಎಣ್ಣೆ ಹಚ್ಚಿದ ಅರಿವೆಯಿಂದ ಅವರ ಬೆರಳನ್ನು ತಾವೇ ಒರೆಸಿ ಕಳಿಸುತ್ತಿದ್ದರು. ತಮ್ಮ ಬೆರಳು ಒರೆಸಿಕೊಳ್ಳುವುದು ಮಾತ್ರ ಅವರಿಗೆ ನೆನಪಾಗುತ್ತಿರಲಿಲ್ಲ.

ಆ ನೀಲಿ ಬೆರಳು ಒಂದು ಮಧ್ಯಾಹ್ನ ನನ್ನ ಕಣ್ಣೆದುರೇ ಕೀಬೋರ್ಡಿನ ಎಂಟರ್ ಗುಂಡಿ ಒತ್ತಿತು. ಆಗ ನನಗಾದ ಆಘಾತದಿಂದ ನಾನಿನ್ನೂ ಹೊರಬಂದಿಲ್ಲ.

ನಾನು ಬಸವಕಲ್ಯಾಣದವಳು. ನಮ್ಮ ಟ್ರಸ್ಟಿನ ದೊಡ್ಡ ಆಸ್ಪತ್ರೆ ಅಲ್ಲಿದೆ, ಹುಮನಾಬಾದಿನದು ಅದರ ಶಾಖೆ. ಎರಡಕ್ಕೂ ಸೇರಿ ಕಂಪ್ಯೂಟರ್ ವಿಭಾಗವೆಂದರೆ ನಾನೊಬ್ಬಳೇ. ಅದರ ಸೊಕ್ಕೂ ನನಗಿತ್ತು, ಸುಳ್ಳು ಯಾಕೆ ಹೇಳಲಿ. ಮುನ್ಶಿ ಚಾಚಾ ಶಾಖೆಯ ಹಳೆಯ ಗುಮಾಸ್ತರು. ರೋಗಿ ಸೇರಿದ್ದು, ಮನೆಗೆ ಹೋದದ್ದು ಎಲ್ಲ ಬರೆದಿಡುವುದು ಅವರ ಕೆಲಸ. ನಿವೃತ್ತಿಯ ವಯಸ್ಸು ದಾಟಿ ಎಷ್ಟೋ ವರ್ಷವಾಗಿತ್ತು, ಆದರೆ ಅವರಿಲ್ಲದೆ ಒಂದು ಹಳೆಯ ಕಾಗದವೂ ಕೈಗೆ ಸಿಗದ ಕಾರಣ ಟ್ರಸ್ಟಿನವರು ವರ್ಷ ವರ್ಷ ಅವರನ್ನು ಮುಂದುವರಿಸುತ್ತಿದ್ದರು. ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವರು ಮುನ್ಶಿ ಚಾಚಾ.

ಬರೆಯುವ ವಿಷಯದಲ್ಲಿ ಅವರದು ಎರಡು ಕಟ್ಟಳೆ. ನಾನು ಮೊದಲ ಸಲ ಶಾಖೆಗೆ ಹೋದಾಗ ಅವರ ದೊಡ್ಡ ರಿಜಿಸ್ಟರಿನಲ್ಲಿ ಹುಟ್ಟಿದ ದಿನದ ಕಾಲಮ್ಮು ಸಾಲಿಗೆ ಸಾಲು ಖಾಲಿ ಬಿದ್ದಿತ್ತು. ಕಂಪ್ಯೂಟರಿಗೆ ಹಾಕುವವಳು ನಾನು, ತಲೆ ಕೆಟ್ಟಿತು. "ಎಲ್ಲಾರೂ ಜೂನ್ ಒಂದು ಅಂತ ಬರೀತಾರ ಚಾಚಾ, ನೀವೂ ಬರೀರಿ" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಆಕಿಗೇ ಗೊತ್ತಿಲ್ಲ, ನನಗ ಹ್ಯಾಂಗ ಗೊತ್ತಿರ್ತದ ಬೇಟಾ? ಗೊತ್ತಿಲ್ಲದ್ದು ಖಾಲಿ ಬಿಡಬೇಕು. ಖಾಲಿ ಜಾಗಾ ಮುಂದ ಯಾರರೇ ತುಂಬತಾರ. ಸುಳ್ಳ ಬರದ್ರ ಅದನ್ನ ಯಾರೂ ಅಳಸಂಗಿಲ್ಲ."

ಇನ್ನೊಂದು ಕಟ್ಟಳೆ: ಬೇರೆಯವರು ಬರೆದದ್ದರ ಮೇಲೆ ಕೈ ಆಡಿಸಬಾರದು. ವಾರ್ಡಿನ ರಿಜಿಸ್ಟರಿನ ರಟ್ಟಿನ ಮೇಲೆ ಆ ವಾರ್ಡಿನ ಹಿರಿಯ ಸಿಸ್ಟರ್ ಹೆಸರು ಇರುತ್ತದೆ. ಬರೆಯುವವರು ಹತ್ತು ಜನ ಇರಬಹುದು, ಪುಸ್ತಕ ಮಾತ್ರ ಸಿಸ್ಟರದು. ಅವರ ಅಕ್ಷರ ತಪ್ಪಿದ್ದರೂ ಚಾಚಾ ತಿದ್ದುತ್ತಿರಲಿಲ್ಲ. ಎದ್ದು ಹೋಗಿ, ಪುಸ್ತಕವನ್ನು ಅವರ ಮುಂದೆ ಹಿಡಿದು, "ಇದು ನೀವೇ ತಿದ್ರಿ ಸಿಸ್ಟರ್" ಎನ್ನುತ್ತಿದ್ದರು. ಇಂಥ ಮನುಷ್ಯನಿಂದ ತಪ್ಪಾಗುವುದುಂಟೇ ಎಂದು ಯಾರಾದರೂ ಕೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ.

ಆಗ ನಮ್ಮ ಆಸ್ಪತ್ರೆಯ ವೆಬ್ ತಂತ್ರಾಂಶಕ್ಕೆ ಇಡೀ ವಾರ್ಡಿಗೆ ಒಂದೇ ಲಾಗಿನ್ ಇತ್ತು. ಅದರ ಪಾಸ್‌ವರ್ಡನ್ನು ಗಾಯಕ್ಕೆ ಹಚ್ಚುವ ಪಟ್ಟಿಯ ಮೇಲೆ ಬರೆದು ಕಂಪ್ಯೂಟರಿನ ಹಣೆಗೇ ಅಂಟಿಸಿದ್ದರು. ನೋಡಿ ನನಗೆ ಮೈ ಉರಿದುಹೋಗಿತ್ತು. ಬಸವಕಲ್ಯಾಣದಲ್ಲಿ ಒಂದು ಡೈರೆಕ್ಟರಿ ಮಾಡಿದೆ. ಡೈರೆಕ್ಟರಿ ಎಂದರೆ ಎರಡೂ ಆಸ್ಪತ್ರೆಯ ಎಲ್ಲ ನೌಕರರ ಹೆಸರು, ಹುದ್ದೆ, ಪಾಸ್‌ವರ್ಡು ಒಂದೇ ಕಡೆ ಇರುವ ಪಟ್ಟಿ. ಯಾರೇ ಒಳಗೆ ಬರಲಿ, ತಂತ್ರಾಂಶ ಆ ಡೈರೆಕ್ಟರಿಯನ್ನು ಕೇಳಬೇಕು: ಇವರು ಅವರೇ ಹೌದೇ? ಡೈರೆಕ್ಟರಿ ಹೌದು ಎಂದರೆ ಬಾಗಿಲು ತೆರೆಯಬೇಕು. ಶಾಖೆಯ ಹೆಸರುಗಳನ್ನೆಲ್ಲ ಚಾಚಾರೇ ಎರಡು ದಿನ ಕೂತು ಓದಿ ಹೇಳಿದರು. ತಂದೆಯ ಹೆಸರು, ಊರು, ಯಾವಾಗ ಸೇರಿದ್ದು, ಒಂದೂ ತಪ್ಪಲಿಲ್ಲ. ನಡುನಡುವೆ ಬಶಿಯಲ್ಲಿ ಚಹಾ ಸುರಿದು ನನ್ನ ಕಡೆ ಸರಿಸುತ್ತಿದ್ದರು.

ಹೊಸ ಲಾಗಿನ್ ಶುರುವಾದ ದಿನ ಎಲ್ಲರನ್ನೂ ನಿಲ್ಲಿಸಿ ಭಾಷಣವನ್ನೇ ಮಾಡಿದೆ. ಇನ್ನು ಮೇಲೆ ಯಾರು ಏನು ಮಾಡಿದರೂ ಅವರ ಹೆಸರಿನಲ್ಲೇ ದಾಖಲಾಗುತ್ತದೆ, ಒಬ್ಬರ ತಪ್ಪು ಇನ್ನೊಬ್ಬರ ತಲೆಗೆ ಬರುವುದಿಲ್ಲ ಎಂದೆ. ಹಿಂದೆ ನಿಂತಿದ್ದ ಹಿರಿಯ ಸಿಸ್ಟರ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದರು.

ಮೂರು ವಾರ ಕಳೆಯಿತು. ಹೆಂಗಸರ ವಾರ್ಡಿನಲ್ಲಿ ಕೊಡಂಬಲದ ಕಾಶಿಬಾಯಿ ಎಂಬ ಸಕ್ಕರೆ ಕಾಯಿಲೆಯ ಮುದುಕಿ ಇದ್ದಳು. ಒಂದು ಸಂಜೆ ಔಷಧಿಯ ಪಟ್ಟಿಯಲ್ಲಿ ಅವಳ ಹೆಸರೇ ಬರಲಿಲ್ಲ. ಪಟ್ಟಿಯಲ್ಲಿ ಇಲ್ಲವೆಂದು ಪಾಳಿಯವರು ಸೂಜಿ ಹಾಕಲಿಲ್ಲ. ಬೆಳಗಾಗುವಷ್ಟರಲ್ಲಿ ಅವಳಿಗೆ ಪ್ರಜ್ಞೆ ಇರಲಿಲ್ಲ. ಕಲಬುರಗಿಗೆ ಸಾಗಿಸಿದರು, ಎಂಟು ದಿನಕ್ಕೆ ಹೇಗೋ ಬದುಕಿ ಬಂದಳು. ಆದದ್ದೇನೆಂದು ನೋಡಿದರೆ, ಆ ಸಂಜೆಯೇ ನಾಲ್ಕು ಗಂಟೆಗೆ ಯಾರೋ ಅವಳನ್ನು ತಂತ್ರಾಂಶದಲ್ಲಿ ಡಿಸ್ಚಾರ್ಜ್ ಮಾಡಿಬಿಟ್ಟಿದ್ದರು. ದಾಖಲೆಯಲ್ಲಿ ಹಿರಿಯ ಸಿಸ್ಟರ್ ಹೆಸರಿತ್ತು.

ಬಸವಕಲ್ಯಾಣದಲ್ಲಿ ಮೀಟಿಂಗ್ ಆಯಿತು. "ನಾ ಮಾಡಿಲ್ರಿ. ದೇವರಾಣಿ ನಾ ಮಾಡಿಲ್ರಿ" ಎಂದು ಸಿಸ್ಟರ್ ಮೇಜು ಹಿಡಿದು ನಿಂತಿದ್ದರು. ಟ್ರಸ್ಟಿನ ಕಾರ್ಯದರ್ಶಿ ನನ್ನ ಕಡೆ ತಿರುಗಿ, "ಬ್ಯಾರೆಯವರು ಮಾಡಿರಬಹುದೇನು?" ಎಂದರು.

"ಪಾಸ್‌ವರ್ಡ್ ಇಲ್ದ ಯಾರೂ ಒಳಗ ಹೋಗಾಕ ಆಗಂಗಿಲ್ರಿ. ಸಿಸ್ಟರ್ ಹೆಸರಿಲೆ ಆಗ್ಯಾದಂದ್ರ ಸಿಸ್ಟರೇ ಮಾಡ್ಯಾರ."

ಅದನ್ನೇ ಬರೆದುಕೊಡು ಎಂದರು, ಬರೆದು ಸಹಿ ಹಾಕಿದೆ. ಸಿಸ್ಟರನ್ನು ಅವತ್ತೇ ಕೆಲಸದಿಂದ ಇಳಿಸಿದರು. ಮುಂದಿನ ಮೀಟಿಂಗಿನಲ್ಲಿ ಪೂರ್ತಿ ತೆಗೆದುಹಾಕುವುದು, ಬೇರೆಲ್ಲೂ ಕೆಲಸ ಸಿಗದ ಹಾಗೆ ಕಾಗದದಲ್ಲಿ ಕಾರಣ ಬರೆಯುವುದು ಎಂದು ನಿಶ್ಚಯವಾಯಿತು. ಹದಿನಾರು ವರ್ಷ ಆ ವಾರ್ಡನ್ನು ಹೊತ್ತು ನಿಂತವರು. ಅವರ ಸಂಬಳದಲ್ಲೇ ಮನೆ ನಡೆಯುತ್ತಿತ್ತು. ಇದೆಲ್ಲ ನನಗೆ ಗೊತ್ತಿತ್ತು, ಆದರೂ ಅವರನ್ನು ಒಂದು ಮಾತು ಕೇಳಬೇಕೆಂದು ನನಗೆ ಅನ್ನಿಸಲಿಲ್ಲ.

ನಾಲ್ಕು ದಿನ ಬಿಟ್ಟು ಉಳಿದ ದಾಖಲೆ ತರಲು ಹುಮನಾಬಾದಿಗೆ ಹೋದೆ. ಚಾಚಾ ನನ್ನನ್ನು ನೋಡಿದ ಕೂಡಲೇ ಬಾಗಿಲು ಮುಂದೆ ಮಾಡಿ, ಕುರ್ಚಿ ಎಳೆದರು.

"ಮೂರ್ ದಿನದಿಂದ ನಿನ್ನ ಹಾದಿ ನೋಡಾಕತ್ತೀನಿ. ಫೋನಿನ್ಯಾಗ ಹೇಳೋ ಮಾತಲ್ಲ ಇದು. ಒಂದು ಹೇಳು ಬೇಟಾ, ಒಳಗ ಕುಂತಾವರು ಯಾರಂತ ಆ ಮಷೀನಿಗೆ ಹ್ಯಾಂಗ ಗೊತ್ತಾಗ್ತದ?"

ನಾನು ಡೈರೆಕ್ಟರಿಯ ಕತೆ ಮತ್ತೆ ಹೇಳಿದೆ. ಹೆಸರು ಹಾಕಬೇಕು, ಪಾಸ್‌ವರ್ಡ್ ಹಾಕಬೇಕು, ಎರಡೂ ಕೂಡಿದರೆ ಮಾತ್ರ ಎಂದೆ.

"ನಂಗ ಪಾಸ್‌ವರ್ಡ್ ನೆನಪಿಲ್ಲಲ್ಲ" ಎಂದರು.

"ಮತ್ತ ಕೆಲಸ ಹ್ಯಾಂಗ ಮಾಡಾಕತ್ತೀರಿ?"

"ತೋರಸ್ತೀನಿ ಬಾ."

ಸಿಸ್ಟರುಗಳು ಕೂರುವ ಕಟ್ಟೆಯ ಕಂಪ್ಯೂಟರಿನ ಮುಂದೆ ಕೂತರು. ಅದನ್ನು ವಾರ್ಡಿನವರೂ ಚಾಚಾರೂ ಇಬ್ಬರೂ ಬಳಸುತ್ತಿದ್ದರು. ಕಂಪ್ಯೂಟರ್ ಮೊಟ್ಟಮೊದಲು ಒಳಗೆ ಬಂದವರ ಹೆಸರನ್ನು ನೆನಪಿಟ್ಟುಕೊಂಡು ಮೇಲಿನ ಖಾನೆಯಲ್ಲಿ ತಾನೇ ತುಂಬಿತ್ತು. ಅದು ಹಿರಿಯ ಸಿಸ್ಟರ್ ಹೆಸರು. ಚಾಚಾ ಅದನ್ನು ಮುಟ್ಟಲಿಲ್ಲ. ಕೆಳಗೆ ಪಾಸ್‌ವರ್ಡಿನ ಖಾನೆ. ಅದರಲ್ಲೂ ಏನೂ ಬರೆಯಲಿಲ್ಲ. ನೀಲಿ ಹೆಬ್ಬೆರಳು ಎಂಟರ್ ಒತ್ತಿತು.

ಬಾಗಿಲು ತೆರೆಯಿತು. ಇಡೀ ವಾರ್ಡು ಪರದೆಯ ಮೇಲೆ ಬಂತು.

ಅವರನ್ನು ಎಬ್ಬಿಸಿ ನಾನೇ ಕೂತೆ. ನನ್ನ ಹೆಸರು ಹಾಕಿ, ಪಾಸ್‌ವರ್ಡ್ ಖಾಲಿ ಬಿಟ್ಟೆ. ಒಳಗೆ ಬಿಟ್ಟಿತು. ದೊಡ್ಡ ಡಾಕ್ಟರ ಹೆಸರು, ಖಾಲಿ. ಬಿಟ್ಟಿತು. ಕಾರ್ಯದರ್ಶಿಯವರ ಹೆಸರು, ಖಾಲಿ. ಅದಕ್ಕೂ ಬಿಟ್ಟಿತು! ತಪ್ಪು ಪಾಸ್‌ವರ್ಡ್ ಹಾಕಿ ನಾನು ನೂರು ಸಲ ಪರೀಕ್ಷೆ ಮಾಡಿದ್ದೆ, ಪ್ರತಿ ಸಲವೂ ಹೊರಗೆ ತಳ್ಳಿತ್ತು. ಖಾಲಿ ಬಿಟ್ಟು ಒಮ್ಮೆಯೂ ನೋಡಿರಲಿಲ್ಲ. ಪಾಸ್‌ವರ್ಡೇ ಇಲ್ಲದೆ ಬಂದವರನ್ನು ಡೈರೆಕ್ಟರಿ ಪರೀಕ್ಷಿಸುವುದೇ ಇಲ್ಲ, ಯಾರೋ ಹೆಸರಿಲ್ಲದವರು ಬಂದರೆಂದು ತಿಳಿದು 'ಆಯ್ತು' ಎಂದುಬಿಡುತ್ತದೆ. ನನ್ನ ತಂತ್ರಾಂಶ ಆ 'ಆಯ್ತು' ಅನ್ನು 'ಹೌದು, ಇವರೇ' ಎಂದು ತಿಳಿದುಕೊಂಡಿತ್ತು. ಖಾನೆ ಖಾಲಿ ಇದ್ದರೆ ಬಿಡಬೇಡ ಎಂದು ನಾನು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಮೂರು ವಾರಕ್ಕೂ ಹೆಚ್ಚು ದಿನದಿಂದ ಎರಡು ಊರಿನ ರೋಗಿಗಳ ಜೀವ ಚಿಲಕವಿಲ್ಲದ ಬಾಗಿಲ ಹಿಂದಿತ್ತು, ನಾನು ಬೀಗ ಹಾಕಿದ್ದೇನೆಂದು ಸಹಿ ಮಾಡಿ ಕೊಟ್ಟಿದ್ದೆ.

"ಸಿಸ್ಟರ್ ಹೆಸರು ಯಾಕ ತೆಗೀಲಿಲ್ಲ ಚಾಚಾ?" ಎಂದೆ. ಕೂಗಿದೆ ಎಂದರೇ ಸರಿ.

"ಬರದದ್ದು ನಾ ಹ್ಯಾಂಗ ತೆಗೀಲಿ? ವಾರ್ಡಿನ ಪುಸ್ತಕ ಆಕಿ ಹೆಸರಿಗೆ ಇರ್ತದ. ಇದೂ ಹಂಗೇ ಅಂದ್ಕೊಂಡೆ. ಪಾಸ್‌ವರ್ಡ್ ನೆನಪಿದ್ದಿಲ್ಲ, ಖಾಲಿ ಬಿಟ್ಟೆ. ಬಿಡಂಗಿಲ್ಲ ಅಂದ್ರ ನಿನಗ ಕೇಳೋಣ ಅಂತಿದ್ದೆ. ಬಿಡ್ತು."

ಆಮೇಲೆ ತಮ್ಮ ಕೈಬರಹದ ರಿಜಿಸ್ಟರ್ ತಂದು ನನ್ನ ಮುಂದೆ ಇಟ್ಟರು. ಕಂಪ್ಯೂಟರ್ ಬಂದ ಮೇಲೂ ಅದನ್ನು ಬಿಟ್ಟಿರಲಿಲ್ಲ. ಆ ದಿನದ ಸಾಲಿನಲ್ಲಿ ಅವರದೇ ದುಂಡು ಅಕ್ಷರ: ಕಾಶಿಬಾಯಿ, ಗೋರ್ಟಾ, ಡಿಸ್ಚಾರ್ಜ್, ನಾಲ್ಕು ಗಂಟೆ. ಅವತ್ತು ಮನೆಗೆ ಹೋಗಬೇಕಾದವಳು ಗೋರ್ಟಾದ ಕಾಶಿಬಾಯಿ. ಕಂಪ್ಯೂಟರಿನಲ್ಲಿ ಎರಡು ಕಾಶಿಬಾಯಿ ಕಂಡಿವೆ, ಚಾಚಾ ಮೇಲಿನದನ್ನು ಒತ್ತಿದ್ದಾರೆ. ಊರಿನ ಹೆಸರು ನೋಡಬಹುದಿತ್ತಲ್ಲ ಎನ್ನಲು ಹೊರಟವಳು ಬಾಯಿ ಮುಚ್ಚಿಕೊಂಡೆ. ಪರದೆಯಲ್ಲಿ ಹಿಡಿಸುವುದಿಲ್ಲವೆಂದು ಊರಿನ ಕಾಲಮ್ಮು ಕಿತ್ತುಹಾಕಿದವಳೂ ನಾನೇ.

"ಎರಡು ಹೆಸರು ಕಂಡಾಗ ಎದ್ದು ಹೋಗಿ ಕೇಳಬೇಕಿತ್ತು" ಎಂದರು ಚಾಚಾ. "ಮೊಣಕಾಲು ನೋಯಾಕತ್ತಿತ್ತು. ಏಳಲಿಲ್ಲ."

ನನ್ನ ತಲೆಯಲ್ಲಿ ಆಗ ಓಡುತ್ತಿದ್ದದ್ದು ಬೇರೆಯೇ. ಹೇಳಲು ನಾಚಿಕೆಯಾಗುತ್ತದೆ. "ಚಾಚಾ, ಇದನ್ನ ಈಗ್ಲೇ ಸರಿ ಮಾಡ್ತೀನಿ. ಮಷೀನ್ ಕೆಟ್ಟಿತ್ತು ಅಂತ ಬರೀತೀನಿ. ಸಿಸ್ಟರ್ ಉಳೀತಾರ. ನಿಮ್ಮ ಹೆಸರೂ ಬ್ಯಾಡ, ನನ್ನ ಹೆಸರೂ ಬ್ಯಾಡ."

"ಮಷೀನ್ ಕೆಟ್ಟಿದ್ದಿಲ್ಲಲ್ಲ" ಎಂದರು. "ನಾಳೆ ಮಷೀನಿನವರು ಬಂದು ನೋಡಿ, ಮಷೀನ್ ಛಲೋ ಅದ ಅಂತಾರ. ಆಗ ಮತ್ತ ಸಿಸ್ಟರ್ ಕೊರಳಿಗೇ ಬರ್ತದ. ನೀ ಬರೀತಿಯೋ, ನಾ ಬರೀಲೋ?"

ಬರೆದೆ. ಅವರು ಪಕ್ಕದಲ್ಲಿ ಕೂತು ಓದಿಸಿಕೊಂಡರು. ತಮ್ಮ ಹೆಸರನ್ನು ಮೊದಲನೇ ಸಾಲಿನಲ್ಲಿ ಹಾಕಿಸಿದರು.

ಮರುದಿನ ಬಸವಕಲ್ಯಾಣದಲ್ಲಿ, ಚಾಚಾ ಮತ್ತು ಸಿಸ್ಟರ್ ಇಬ್ಬರೂ ಇದ್ದ ಮೀಟಿಂಗಿನಲ್ಲಿ ಅದನ್ನು ಓದಿ ಮುಗಿಸಿ, ಎಲ್ಲರೆದುರು ಕಾರ್ಯದರ್ಶಿಯವರ ಹೆಸರು ಹಾಕಿ, ಪಾಸ್‌ವರ್ಡ್ ಇಲ್ಲದೆ ಒಳಗೆ ಹೋಗಿ ತೋರಿಸಿದೆ. ಅವರ ಮುಖ ಬಿಳಿಚಿಕೊಂಡಿತು. ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು. ಸಿಸ್ಟರ್ ನಾಳೆಯಿಂದಲೇ ಕೆಲಸಕ್ಕೆ ಬರಬೇಕು. ನಾನು ಇವತ್ತೇ ಎಲ್ಲ ಸರಿಪಡಿಸಬೇಕು, ನನಗೊಂದು ಎಚ್ಚರಿಕೆಯ ಪತ್ರ. ಮುನ್ಶಿ ಚಾಚಾರನ್ನು ತಿಂಗಳ ಕೊನೆಗೆ ಬಿಡಿಸುವುದು.

ನಾನು ಬೆಚ್ಚಿದೆ. ಬಾಗಿಲು ತೆರೆದಿಟ್ಟವಳಿಗೆ ಪತ್ರ, ತಪ್ಪೊಪ್ಪಿಕೊಂಡವರಿಗೆ ಮನೆಯ ದಾರಿ! ಎದ್ದು ನಿಲ್ಲಬೇಕೆಂದುಕೊಂಡೆ, ನಿಲ್ಲಲಿಲ್ಲ. ಹೊರಗೆ ಬಂದಾಗ ಸಿಸ್ಟರ್ ನನ್ನೆದುರು ಒಂದು ಗಳಿಗೆ ನಿಂತರು. "ಒಂದ್ ಮಾತು ನನಗ ಕೇಳಬಹುದಿತ್ತಲ್ಲವಾ" ಎಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಅವರ ಹಿಂದೆ ಚಾಚಾ ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದರು, ನನ್ನ ತಲೆಯ ಮೇಲೆ ಕೈಯಿಟ್ಟು ಹೋದರು.

ಕೆಲಸ ಬಿಟ್ಟ ವಾರ ಅವರೊಬ್ಬರೇ ಕೊಡಂಬಲಕ್ಕೆ ಹೋಗಿ ಕಾಶಿಬಾಯಿಯನ್ನು ಕಂಡು ಬಂದರಂತೆ. ಅಲ್ಲಿ ಏನಾಯಿತೆಂದು ಯಾರಿಗೂ ಹೇಳಲಿಲ್ಲ. ನಾನು ಅವರ ಮನೆಗೆ ಹೋಗಬೇಕು ಹೋಗಬೇಕು ಎನ್ನುತ್ತಲೇ ಐದು ತಿಂಗಳು ಕಳೆದೆ. ಒಂದು ಬೆಳಗ್ಗೆ ಆಸ್ಪತ್ರೆಯ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು, ಮುನ್ಶಿ ಚಾಚಾ ಹೋದರು, ಎದೆನೋವು.

ಮೂರನೇ ದಿನ ಹುಮನಾಬಾದಿನ ಅವರ ಮನೆಗೆ ಹೋದೆ. ಒಳಗಿನ ಕೋಣೆಯಲ್ಲಿ ಹೆಂಗಸರು ತುಂಬಿದ್ದರು. ನನ್ನ ಹೆಸರು ಹೇಳಿದ ಕೂಡಲೇ ಚಾಚಾರ ಹೆಂಡತಿ ನನ್ನ ಕೈ ಹಿಡಿದುಕೊಂಡರು.

"ನೀನೇ ಏನು ಆ ಕಂಪ್ಯೂಟರಿನ ಹುಡುಗಿ? ಹರ್ ರೋಜ್ ನಿನ್ನ ಹೆಸರು ತಗೋತಿದ್ರು ಬೇಟಾ. ನನ್ನ ಕೈಲೆ ಗಲತಿ ಆಗಿತ್ತು, ಆ ಹುಡುಗಿ ಹಿಡದ್ಲು, ಇಲ್ಲಂದ್ರ ಸಿಸ್ಟರ್ ಬಾಳೇವು ಹಾಳಾಗ್ತಿತ್ತು ಅಂತ ಬಂದೋರಿಗೆಲ್ಲ ಹೇಳ್ತಿದ್ರು."

ಒಂದು ಹುಟ್ಟಿದ ದಿನವನ್ನೂ ಸುಳ್ಳು ಬರೆಯದ ಮನುಷ್ಯ ಸ್ವಂತ ಮನೆಯಲ್ಲಿ ಕೂತು ಸುಳ್ಳು ಹೇಳಿದ್ದರು, ಅದೂ ನನ್ನ ಸಲುವಾಗಿ. ಕೋಣೆಯ ಹೆಂಗಸರೆಲ್ಲ ನನ್ನನ್ನು ದೊಡ್ಡವಳ ಹಾಗೆ ನೋಡುತ್ತಿದ್ದರು. ತಲೆಯಾಡಿಸಿ ಸುಮ್ಮನಿದ್ದರೆ ಮುಗಿಯುತ್ತಿತ್ತು.

"ಅಲ್ರಿ ಚಾಚಿ" ಎಂದೆ. "ಹಿಡದವರು ಚಾಚಾ. ಸಿಸ್ಟರ್ ಮ್ಯಾಲ ಸುಳ್ಳ ಬರದು ಕೊಟ್ಟಾಕಿ ನಾನು."

ಚಾಚಿ ನನ್ನ ಕೈ ಬಿಡಲಿಲ್ಲ. ಗೋಡೆಯ ಕಡೆ ತಿರುಗಿ, "ಹೌದೇನು ಸಿಸ್ಟರ್?" ಎಂದರು. ಅಲ್ಲಿ, ಹೆಂಗಸರ ನಡುವೆ, ಹಿರಿಯ ಸಿಸ್ಟರ್ ಕೂತಿದ್ದನ್ನು ನಾನು ಆಗಲೇ ಕಂಡದ್ದು.

"ಹೌದ್ರಿ" ಎಂದರು ಸಿಸ್ಟರ್. "ನಾನೂ ಯಾರಿಗೂ ಹೇಳಬಾರದು ಅಂತ ನನ್ನ ಕಡೆಯಿಂದ ಮಾತು ತಗೊಂಡಿದ್ರು. ಆಕಿದು ಇನ್ನಾ ಸಣ್ಣ ವಯಸ್ಸು, ಊರಾಗ ಆಕಿ ಹೆಸರು ಛಲೋ ಉಳೀಲಿ ಅಂದ್ರು."

ನಾನು ಹೊಸ್ತಿಲ ಹತ್ತಿರವೇ ಕೂತುಬಿಟ್ಟೆ.