ಆಮೇಲೆ ಸೇರಿಸಿದ ಪ್ರಶ್ನೆ

ಜೋಗುಪಾಳ್ಯದ ಒಂದು ಮಹಡಿ ಕೋಣೆಯಲ್ಲಿ ನಾನೂ ನನ್ನ ಗೆಳೆಯನೂ ಸೇರಿ ಕನ್ನಡದಲ್ಲಿ ಪಾಡ್‌ಕಾಸ್ಟ್ ಮಾಡುತ್ತಿದ್ದೆವು. ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ಆ ಪದವನ್ನು ಪ್ರತಿಯೊಬ್ಬರಿಗೂ ಬಿಡಿಸಿ ಹೇಳಬೇಕಾಗುತ್ತಿತ್ತು. ರೇಡಿಯೋ ಥರ, ಆದರೆ ಕಂಪ್ಯೂಟರಿನಲ್ಲಿ ಬೇಕಾದಾಗ ಕೇಳಬಹುದು ಎನ್ನುತ್ತಿದ್ದೆ. ಕೋಣೆಯೂ ಕಂಪ್ಯೂಟರೂ ಗೆಳೆಯನವು. ಪ್ರಶ್ನೆ ಕೇಳುವುದು ನನ್ನ ಕೆಲಸ. ಎಂ.ಎ. ಓದುವಾಗ ಯಾವುದನ್ನೂ ಹಾಗೇ ನಂಬಬಾರದೆಂದು ಕಲಿತಿದ್ದೆ. ಬೇರೆ ಹೆಚ್ಚೇನನ್ನೂ ಕಲಿತಂತೆ ನೆನಪಿಲ್ಲ.

ನಮ್ಮಲ್ಲಿ ಇದ್ದದ್ದು ಒಂದೇ ಮೈಕು. ಅದನ್ನು ಅತಿಥಿಯ ಮುಂದೆ ಇಡುತ್ತಿದ್ದುದರಿಂದ ನನ್ನ ಪ್ರಶ್ನೆಗಳು ಪಕ್ಕದ ಮನೆಯಿಂದ ಬಂದಂತೆ ಕೇಳುತ್ತಿದ್ದವು. ಹಾಗಾಗಿ ಅತಿಥಿ ಹೋದ ಮೇಲೆ ಪ್ರಶ್ನೆಗಳನ್ನಷ್ಟೇ ಮತ್ತೆ ಹೇಳುತ್ತಿದ್ದೆ. ಗೆಳೆಯ ಅವನ್ನು ಆಯಾ ಉತ್ತರಕ್ಕೆ ಮೊದಲು ಅಂಟಿಸುತ್ತಿದ್ದ. ಫ್ಯಾನ್ ಆರಿಸಿ, ಕಿಟಕಿಗೆ ಹಾಸಿಗೆ ಒರಗಿಸಿ ಕೂರಬೇಕಿತ್ತು. ಎರಡನೇ ಸಲ ಹೇಳುವಾಗ ಪ್ರಶ್ನೆ ಚಿಕ್ಕದಾಗುತ್ತಿತ್ತು, ಚುರುಕೂ ಆಗುತ್ತಿತ್ತು. ಭಾಷೆ ತಿದ್ದುತ್ತಿದ್ದೇನೆ ಎಂದಷ್ಟೇ ತಿಳಿದಿದ್ದೆ.

ಒಬ್ಬ ಪ್ರಬಂಧಕಾರರ ಬಗ್ಗೆ ಮೂರು ಕಂತು ಮಾಡಿದೆವು. ಕೃಷ್ಣರಾಜಪುರದಲ್ಲಿ ಬಾಡಿಗೆ ಕೋಣೆಯಲ್ಲಿದ್ದ ಅವರು ಒಂದು ಮಾಸಪತ್ರಿಕೆಯ ಅಂಕಣಕ್ಕೆ ತಿಂಗಳಿಗೊಂದು ಪ್ರಬಂಧ ಬರೆಯುತ್ತಿದ್ದರು. ಕಂಡದ್ದನ್ನು ಮಾತ್ರ ಬರೆಯುತ್ತೇನೆ ಎಂಬುದು ಅವರ ನಿಲುವು. ಜನ ಅವರನ್ನು ಓದುತ್ತಿದ್ದದ್ದೂ ಅದಕ್ಕೇ. ಮೊದಲೆರಡು ಕಂತುಗಳಲ್ಲಿ ನಾವಿಬ್ಬರೇ ಮಾತಾಡಿದೆವು. ಮೂರನೆಯದಕ್ಕೆ ಅವರೇ ಬಂದರು.

ಅಂದಿನ ಮಾತು ಹೆಚ್ಚಾಗಿ ಒಂದೇ ಪ್ರಬಂಧದ ಸುತ್ತ ನಡೆಯಿತು. ಅವರ ಪಕ್ಕದ ಕೋಣೆಯಲ್ಲಿ ರಾಯಚೂರು ಕಡೆಯಿಂದ ಬಂದ ಹೆಂಗಸೊಬ್ಬರಿದ್ದರು, ಕಟ್ಟಡದ ಕೆಲಸದವರು. ತಾನು ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಒಂದು ಮನೆಯ ನಕ್ಷೆಯನ್ನು ಆಕೆ ತನ್ನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದುಕೊಂಡಿದ್ದರಂತೆ. ಬರೆದು, ಎಂಜಿನಿಯರು ಅಡುಗೆಮನೆಗೆ ಇಟ್ಟ ಬಾಗಿಲನ್ನು ಅಳಿಸಿ ಬೇರೆ ಕಡೆ ಇಟ್ಟಿದ್ದರಂತೆ. ಅದು ಅಲ್ಲಿದ್ದರೆ ಒಗ್ಗರಣೆಯ ಹೊಗೆಯೆಲ್ಲ ಮಲಗುವ ಕಡೆಗೇ ಬರುತ್ತದೆ ಎಂಬುದು ಆಕೆಯ ವಾದ. ನನಗೆ ಪ್ರಬಂಧ ಬಹಳ ಹಿಡಿಸಿತ್ತು. ಅಷ್ಟು ಚೆನ್ನಾಗಿದ್ದದ್ದರಿಂದಲೇ ಅನುಮಾನವೂ ಇತ್ತು.

ಕಂತು ಹೊರಬಂದಾಗ ಅದರಲ್ಲಿ ನನ್ನ ದನಿ ಕೇಳುತ್ತಿತ್ತು: "ಆ ಗೋಡೆಯನ್ನು ಕಣ್ಣಾರೆ ಕಂಡು ಬರೆದಿರಾ?" ಅದರ ಹಿಂದೆಯೇ ಅವರ ದನಿ: "ಇಲ್ಲ. ಹಾಗೇನಾದ್ರೂ ಮಾಡಿದ್ದಿದ್ರೆ ಈ ಪ್ರಬಂಧ ಬರೆಯೋಕೇ ಆಗ್ತಿರ್ಲಿಲ್ಲ."

ಎರಡು ವಾರ ಕಳೆದು ಅವರು ಮತ್ತೆ ಮೆಟ್ಟಿಲು ಹತ್ತಿ ಬಂದರು. ಪತ್ರಿಕೆಯ ಸಂಪಾದಕರು ಕಂತನ್ನು ಕೇಳಿ ಮುಂದಿನ ಪ್ರಬಂಧವನ್ನು ತಡೆಹಿಡಿದಿದ್ದರು. ವಿಷಯ ಇತ್ಯರ್ಥವಾಗದೆ ಅಚ್ಚು ಹಾಕುವುದಿಲ್ಲ ಎಂದಿದ್ದರು.

"ನೀವು ಕೇಳಿದ್ದು ಇದಲ್ಲ" ಎಂದರು ನನಗೆ. "ಆಯಮ್ಮನ್ನ ಒಂದ್ಮಾತು ಕೇಳಿ ಬರೆದ್ರಾ ಅಂತ ಕೇಳಿದ್ರಿ. ಇಲ್ಲ ಅಂದೆ. ಕೇಳಿದ್ದಿದ್ರೆ ಬೇಡ ಅಂತಿದ್ರು. ಗೋಡೆ ನಾನು ನೋಡಿದೀನಿ ರೀ."

"ಈಗ ಹೋದ್ರೆ ಕಾಣುತ್ತಾ?" ಎಂದೆ.

"ಆಯಮ್ಮ ಖಾಲಿ ಮಾಡ್ಕೊಂಡು ಎಲ್ಲೋ ಹೋದ್ರು. ಓನರ್ ಸುಣ್ಣ ಹೊಡೆಸ್ಬಿಟ್ಟಿದಾನೆ. ಅದೆಲ್ಲ ಯಾಕೆ, ನಿಮ್ಮ ಮೊದಲ್ನೇ ರೆಕಾರ್ಡಿಂಗ್ ಹಾಕಿ."

ಗೆಳೆಯ ತಲೆ ಕೆರೆದುಕೊಂಡ. "ಅಳಿಸ್ಬಿಟ್ಟೆ ಸಾರ್. ಡಿಸ್ಕ್ ಫುಲ್ ಆಗಿತ್ತು."

"ಸರಿ. ಹಾಗಾದ್ರೆ ಇವರೇ ಹೇಳ್ಲಿ. ಕೇಳಿದ್ದು ಇವರೇ ತಾನೇ?"

ನೆನಪಿಸಿಕೊಳ್ಳಲು ಪ್ರಯತ್ನಪಟ್ಟೆ. ಅಂದಿನ ಸೆಕೆ ನೆನಪಾಯಿತು, ಅವರ ಜೇಬಿನಲ್ಲಿದ್ದ ಎರಡು ಪೆನ್ನು ನೆನಪಾದವು, ಹಲಸೂರಿನ ಕಡೆಯಿಂದ ಯಾವುದೋ ಮೆರವಣಿಗೆಯ ಬ್ಯಾಂಡು ಕೇಳಿಸಿ ಹತ್ತು ನಿಮಿಷ ನಿಲ್ಲಿಸಿದ್ದು ನೆನಪಾಯಿತು. ಪ್ರಶ್ನೆ ಮಾತ್ರ ನಾನು ಆಮೇಲೆ ಹೇಳಿದ ರೂಪದಲ್ಲೇ ಬರುತ್ತಿತ್ತು. ಅಂಟಿಸುವಾಗ ಅದನ್ನು ಹತ್ತಾರು ಸಲ ಕೇಳಿದ್ದೆ.

"ಅವರು ಹೇಳಿದ್ನೇ ಹೇಳ್ಬಿಡು ಮಗಾ, ಒಂದ್ನಿಮಿಷದ ಕೆಲಸ" ಎಂದ ಗೆಳೆಯ.

"ನನಗೆ ನೆನಪಿಲ್ಲ ಕಣೋ."

"ಅವತ್ತು ಇಲ್ದಿದ್ದ ಪ್ರಶ್ನೆ ಸೇರಿಸ್ವಾಗ ನೆನಪು ಬೇಕಾಗಿರ್ಲಿಲ್ಲ ನಿಂಗೆ. ಈಗ ದೊಡ್ಡ ಸತ್ಯವಂತ ಆಗ್ಬಿಟ್ಟೆ."

ಪ್ರಬಂಧಕಾರರು ನಗಲಿಲ್ಲ. ನಾನು ಮೈಕನ್ನು ನನ್ನ ಕಡೆ ತಿರುಗಿಸಿಕೊಂಡು ಒಂದು ತಿದ್ದುಪಡಿ ಹೇಳಿದೆ. ಕಂತಿನ ಪ್ರಶ್ನೆಗಳು ಆಮೇಲೆ ಸೇರಿಸಿದವು, ಗೋಡೆಯ ಬಗೆಗಿನ ಪ್ರಶ್ನೆ ಮೊದಲು ಹಾಗಿರಲಿಲ್ಲ ಎಂದು ಲೇಖಕರು ಹೇಳುತ್ತಾರೆ, ಏನು ಕೇಳಿದ್ದೆನೆಂದು ನನಗೆ ನೆನಪಿಲ್ಲ. ಇಷ್ಟೇ.

ಅವರು ಹೆಡ್‌ಫೋನ್ ಹಾಕಿಕೊಂಡು ಎರಡು ಸಲ ಕೇಳಿದರು. ತೆಗೆದು ಮೇಜಿನ ಮೇಲಿಟ್ಟರು.

"ಲೇಖಕರು ಹೇಳುತ್ತಾರೆ, ಅಲ್ವಾ? ನಾನು ಕಂಡಿದ್ದೀನಿ ಅಂದ್ರೆ ನಿಮಗೆ ಸಾಕ್ಷಿ ಬೇಕು. ನೀವು ನೆನಪಿಲ್ಲ ಅಂದ್ರೆ ನಾನು ಸುಮ್ನೆ ನಂಬ್ಬೇಕು."

ಆದರೂ ತಿದ್ದುಪಡಿಯ ಮಾತನ್ನು ಬದಲಾಯಿಸಲಿಲ್ಲ. ನೆನಪಿಲ್ಲದ್ದನ್ನು ನೆನಪಿದೆ ಎನ್ನುವುದು ಇನ್ನೊಂದು ಸುಳ್ಳು ಎಂದುಕೊಂಡೆ. ಅವರ ಜೀವನದಲ್ಲಿ ಆ ಅಂಕಣ ಎಷ್ಟು ದೊಡ್ಡದೆಂದು ಯೋಚಿಸಿದ್ದೆನೇ? ಯೋಚಿಸಿದ್ದೆ ಎಂದು ಬರೆಯಬಹುದು, ಆದರೆ ಖಾತ್ರಿಯಿಲ್ಲ. ಗೆಳೆಯ ತರಿಸಿದ ಟೀ ಮುಟ್ಟದೆ ಅವರು ಇಳಿದುಹೋದರು. ತಿದ್ದುಪಡಿಯನ್ನು ಅಂದೇ ಹಾಕಿದೆವು.

ಮರುತಿಂಗಳ ಪತ್ರಿಕೆಯನ್ನು ಇಂದಿರಾನಗರದ ಒಂದು ಅಂಗಡಿಯಲ್ಲಿ ಕೊಂಡೆ. ತಡೆಹಿಡಿದಿದ್ದ ಪ್ರಬಂಧ ಅಚ್ಚಾಗಿತ್ತು. ಕೃಷ್ಣರಾಜಪುರದ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ತಡವಾದಾಗ ಜನ ಹೇಗೆ ಕೂರುತ್ತಾರೆ ಎಂಬುದರ ಬಗ್ಗೆ. ಎಂದಿನ ಅಂಕಣದ ಜಾಗದಲ್ಲಿ ಅದು ಇರಲಿಲ್ಲ. ಹಿಂದಿನ ಪುಟಗಳಲ್ಲಿ, 'ಸಣ್ಣಕಥೆ' ಎಂಬ ತಲೆಬರಹದ ಕೆಳಗಿತ್ತು.

ಅಂಗಡಿಯ ಮುಂದೆ ನಿಂತೇ ಓದಿ ಮುಗಿಸಿದೆ. ಮನೆಗೆ ಹೋಗಿ ಸಂಪಾದಕರಿಗೊಂದು ಕಾಗದ ಬರೆದೆ. ಅಂದು ನಾನು ಕೇಳಿದ್ದು ಆಕೆಯನ್ನು ಕೇಳಿ ಬರೆದಿರಾ ಎಂದೇ, ಈಗ ಸ್ಪಷ್ಟವಾಗಿ ನೆನಪಾಗಿದೆ ಎಂದು ಬರೆದೆ. ನೆನಪಾಗಿರಲಿಲ್ಲ. ಕಾಗದ ಅಚ್ಚಾಗಲಿಲ್ಲ. ಪ್ರಬಂಧಕಾರರು ಆ ಪತ್ರಿಕೆಗೆ ಮತ್ತೆ ಬರೆಯಲಿಲ್ಲ.