ಟೋಕಿಯೋ ಎಷ್ಟನೇ ನಂಬರು

ನನಗೆ ಟೋಕಿಯೋ ಕಂಡರೆ ಆಗುವುದಿಲ್ಲ. ಆ ಊರಿಗೆ ಒಮ್ಮೆಯೂ ಕಾಲಿಟ್ಟವಳಲ್ಲ, ಅದು ನನಗೇನೂ ಕೆಡುಕು ಮಾಡಿಲ್ಲ ಎಂದು ಮೊದಮೊದಲು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಈಗ ಹಾಗೆ ಹೇಳಲಾರೆ. ನನ್ನ ಮಗಳು ಅಲ್ಲಿದ್ದಾಳೆ.

ಧಾರವಾಡದ ನಮ್ಮ ಮನೆಯಿಂದ ಮೊದಲು ವಿಮಾನ ಹತ್ತಿದವಳು ನಾನು. ಲಂಡನ್ನಿನ ಆಸ್ಪತ್ರೆಯಲ್ಲಿ ಕೆಲಸ, ರೇನರ್ಸ್ ಲೇನಿನಲ್ಲಿ ಮನೆ. ಊರಲ್ಲಿ ಯಾರ ಮದುವೆಗೆ ಹೋದರೂ "ಲಂಡನ್ನಿನಾಕಿ ಬಂದ್ಲು" ಎಂದು ಮುಂದಿನ ಸಾಲಿನಲ್ಲಿ ಕುರ್ಚಿ ಬಿಟ್ಟುಕೊಡುತ್ತಿದ್ದರು. ಆಮೇಲೆ ನನ್ನ ತಂಗಿ ಗಂಡನ ಕೆಲಸದ ಬೆನ್ನುಹತ್ತಿ ಟೋಕಿಯೋಗೆ ಹೋದಳು. ಮುಂದಿನ ಮದುವೆಯಲ್ಲಿ ಅದೇ ಕುರ್ಚಿಯಲ್ಲಿ ಕೂತು, ಅಲ್ಲಿ ರೈಲು ಒಂದು ನಿಮಿಷ ತಡವಾದರೂ ತಲೆಬಾಗಿ ತಪ್ಪಾಯಿತು ಅನ್ನುತ್ತಾರೆ, ಮರೆತುಬಂದ ಪರ್ಸು ಮರುದಿನ ಹಾಗೇ ಸಿಗುತ್ತದೆ ಎಂದು ಕತೆ ಹೇಳಿದಳು. ಎಲ್ಲರೂ ಬಾಯಿ ಬಿಟ್ಟು ಕೇಳಿದರು. ನನ್ನ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ನನಗೆ ಪಟ್ಟಿಗಳ ಹುಚ್ಚು ಹಿಡಿದದ್ದು ಆಗ. ಜಗತ್ತಿನ ನಗರಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ನಂಬರು ಕೊಡುವ ಪಟ್ಟಿಗಳು ವರ್ಷವಿಡೀ ಒಂದಲ್ಲ ಒಂದು ಬರುತ್ತಲೇ ಇರುತ್ತವೆ. ಲಂಡನ್ ಮೇಲಿದ್ದು ಟೋಕಿಯೋ ಕೆಳಗಿದ್ದರೆ, ಬಸ್ಸಿನಲ್ಲಿ ಕೂತಲ್ಲಿಂದಲೇ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದೆ. ದುಡ್ಡಿನ ವ್ಯವಹಾರ, ನಾಟಕ, ಮ್ಯೂಸಿಯಂ ಅಂತ ಬಂದರೆ ನಮ್ಮದೇ ಮೇಲುಗೈ. ನೆಮ್ಮದಿಯಾಗಿ ಬಾಳಲು ಯಾವ ಊರು ಒಳ್ಳೆಯದು ಎಂಬ ಪಟ್ಟಿ ಬಂದ ದಿನ ಮಾತ್ರ ನಾನು ಗಪ್‌ಚಿಪ್. ಅದರಲ್ಲಿ ಟೋಕಿಯೋ ಮೇಲೆಲ್ಲೋ ಕೂತಿರುತ್ತಿತ್ತು. ಲಂಡನ್ ಸಿಗಬೇಕಾದರೆ ಬೆರಳಿನಿಂದ ಕೆಳಗೆ, ಇನ್ನೂ ಕೆಳಗೆ ಸರಿಸಬೇಕು.

ಇದನ್ನು ಮೊದಲು ಪತ್ತೆಹಚ್ಚಿದವಳು ಮಗಳು. ಗೆದ್ದದ್ದನ್ನಷ್ಟೇ ಕಳಿಸುತ್ತೀಯಲ್ಲಮ್ಮ ಎಂದು ಇಂಗ್ಲಿಷಿನಲ್ಲಿ ಕಾಲೆಳೆದಳು. ತಂಗಿಯಾದರೋ ಒಮ್ಮೆಯೂ ತಿರುಗಿ ಪಟ್ಟಿ ಕಳಿಸಲಿಲ್ಲ. "ನಿಮ್ಮೂರು ಫಸ್ಟ್ ಬಂತಲ್ಲ ಅಕ್ಕಾ, ಪೇಢೆ ಹಂಚು" ಎಂದು ಬರೆದಳು. ಅದಕ್ಕೆ ಇನ್ನಷ್ಟು ಉರಿದುಕೊಂಡೆ.

ಮಗಳಿಗೆ ಕನ್ನಡ ತಿಳಿಯುತ್ತದೆ, ಆದರೆ ಬಾಯಿಂದ ಬರುವುದು ಇಂಗ್ಲಿಷೇ. ಅದನ್ನು ಬಿಟ್ಟುಕೊಟ್ಟಿದ್ದೆ. ಒಂದೇ ಒಂದು ಮಾತಿಗೆ ಹಟ ಹಿಡಿದಿದ್ದೆ. ಶಾಲೆಗೆ ಹೊರಟಾಗಲೆಲ್ಲ ಬಾಗಿಲಲ್ಲಿ ಅಡ್ಡ ನಿಂತು, "ಸುಮ್ಮನ ಹೋಗಬಾರದವಾ, ಹೋಗಿ ಬರ್ತೀನಿ ಅನಬೇಕು" ಎನ್ನುತ್ತಿದ್ದೆ. ಅವಳು ನನ್ನ ಕೈಯಡಿಯಿಂದ ನುಸುಳಿ, "ಬಾಯ್" ಎಂದು ಬಸ್ ಸ್ಟಾಪಿಗೆ ಓಡುತ್ತಿದ್ದಳು. ಕಾಲೇಜಿನವರೆಗೂ ಇದೇ ನಡೆಯಿತು.

ಓದು ಮುಗಿಯುತ್ತಲೇ ಅವಳಿಗೆ ಟೋಕಿಯೋದಲ್ಲಿ ಕೆಲಸ ಸಿಕ್ಕಿತು. ಒಂದೇ ವರ್ಷ ಅಂದಳು. ತಂಗಿಯ ಮನೆಯಲ್ಲೇ ಇರುವುದೆಂದಾಯಿತು. ಬೇಡ ಅನ್ನಲು ನನ್ನ ಹತ್ತಿರ ಒಂದು ಪಟ್ಟಿ ಬಿಟ್ಟರೆ ಬೇರೆ ಕಾರಣವಿರಲಿಲ್ಲ. ವರ್ಷ ಮುಗಿಯುವ ಹೊತ್ತಿಗೆ, ಕೆಲಸ ಮುಂದುವರಿಸುತ್ತೀರಾ ಎಂದು ಅಲ್ಲಿಯವರು ಕೇಳಿದ್ದಾರಂತೆ, ಹತ್ತು ದಿನ ರಜೆಗೆ ಬಂದು ಮಾತಾಡುತ್ತೇನೆ ಎಂದಳು. ಮಗಳು ಲಂಡನ್ನಿಗೆ ವಾಪಸ್ಸು ಬರುತ್ತಾಳೋ ಇಲ್ಲವೋ, ನನಗೆ ಬೇಕಿದ್ದ ಉತ್ತರ ಅದೊಂದೇ.

ಅವಳು ಅಲ್ಲಿಂದ ಹೊರಡುವ ದಿನ ತಂಗಿ ವಿಡಿಯೋ ಕಾಲ್ ಮಾಡಿದ್ದಳು. ಮಗಳು ಬಾಗಿಲ ಬಳಿ ಬೂಟು ಕಟ್ಟಿಕೊಂಡು ಎದ್ದು, ಹಿಂತಿರುಗಿ ನೋಡಿ, ಸ್ವಚ್ಛ ಧಾರವಾಡದ ಕನ್ನಡದಲ್ಲಿ ಹೇಳಿದಳು: "ಹೋಗಿ ಬರ್ತೀನಿ ಮೌಶಿ."

ತಾಯಿಯ ತಂಗಿಗೆ ನಮ್ಮ ಕಡೆ ಮೌಶಿ ಎನ್ನುತ್ತೇವೆ. ಅದನ್ನೂ ಅವಳು ಅಷ್ಟು ಚೆನ್ನಾಗಿ ಅಂದದ್ದನ್ನು ನಾನು ಕೇಳಿರಲಿಲ್ಲ.

"ಜಪಾನಿ ಮಂದೀನೂ ನಮ್ಮಂಗನ ಅಕ್ಕಾ," ತಂಗಿ ಖುಷಿಯಿಂದ ಹೇಳಿದಳು. "ಮನೀ ಬಿಡುವಾಗ ಹೋಗಿ ಬರ್ತೀನಿ ಅಂತಾರ. ಅವರ ಮಾತು ಕಲಿತಿದ್ಲು, ನಮ್ದೂ ಕಲಿಸಿಬಿಟ್ಟೆ."

ಚಲೋ ಆತು ಎಂದೆ. ಫೋನಿಟ್ಟು ಹೋಳಿಗೆಗೆ ಬೇಳೆ ನೆನೆಹಾಕಿದೆ. ಇಷ್ಟು ವರ್ಷ ಬಾಗಿಲಿಗೆ ಅಡ್ಡ ನಿಂತವಳು ನಾನು, ಮಾತು ಸಿಕ್ಕಿದ್ದು ತಂಗಿಗೆ.

ಹತ್ತು ದಿನವೂ ಹೋಳಿಗೆ, ಗಿರಮಿಟ್ಟು ಅಂತ ಮಾಡಿ ಹಾಕಿದೆ. ತಿಂಡಿಯ ಹೊತ್ತಿಗೆ ಹೊಸದೊಂದು ಪಟ್ಟಿ ಓದಿ ಹೇಳಿದೆ. ಅವಳು ನಕ್ಕು ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು. ಕೆಲಸದ ವಿಷಯ ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

ಹೊರಡುವ ದಿನ ಸೂಟ್‌ಕೇಸು ಬಾಗಿಲಾಚೆ ಇಟ್ಟು, ನನ್ನನ್ನು ಬಿಗಿಯಾಗಿ ತಬ್ಬಿ, "ಬಾಯ್ ಅಮ್ಮ" ಎಂದಳು.

"ಹೋಗಿ ಬರ್ತೀನಿ ಅನ್ನವಾ," ಎಂದೆ. "ಈಗ ಬರ್ತದಲ್ಲ ನಿನಗ."

ಅವಳು ನಿಜಕ್ಕೂ ಗಲಿಬಿಲಿಗೊಂಡಳು. ಆದರೆ ಅಮ್ಮ, ಅದನ್ನು ಸ್ವಂತ ಮನೆಯಿಂದ ಹೊರಡುವಾಗ ಮಾತ್ರ ಅನ್ನುವುದಲ್ಲವಾ, ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಕೇಳಿದ ಮೇಲೆ ನನ್ನ ಮುಖ ನೋಡಿ, ತಲೆ ತಗ್ಗಿಸಿದಳು.

ಅದು ಜಪಾನಿಗಳ ಪದ್ಧತಿ, ನಮ್ಮಲ್ಲಿ ಯಾರ ಮನೆಯಿಂದ ಹೊರಟರೂ ಹಾಗೇ ಅನ್ನುತ್ತಾರೆ ಎಂದು ತಿದ್ದಬಹುದಿತ್ತು. ತಿದ್ದಿದ್ದರೆ ಅಂದೇಬಿಡುತ್ತಿದ್ದಳು, ಯಾರದೋ ಮನೆಯಲ್ಲಿ ಅಂದ ಹಾಗೆ. ನಾನು ಬಾಯ್ ಎಂದೆ.