ಸಿಂಗಳೀಕದ ಕಾಡಿನಲ್ಲಿ ನನ್ನ ಕೂಗು

“ಅವ್ವಾ, ಇಲ್ಲಿ ಒದರಬ್ಯಾಡ.”

ರಾಣೆಬೆನ್ನೂರಿನ ಬಯಲು ಬಿಟ್ಟು ಹೊಸನಗರದ ಕಡೆ, ಹುಲಿಕಲ್ ಘಟ್ಟದ ತಪ್ಪಲಿಗೆ ಬಂದಿಳಿದ ಕೂಡಲೇ ಮಗಳು ಹೇಳಿದ ಮೊದಲ ಮಾತು ಇದು. ಅವಳು ಇಲ್ಲಿನ ಪುಟ್ಟ ಅಭಯಾರಣ್ಯದಲ್ಲಿ ಗಾರ್ಡು. ಒದರದೆ ನಾನು ಬದುಕುವುದು ಹೇಗೆ? ನಿಮಗೇ ಗೊತ್ತಲ್ಲ, ಜೋಳ ಹಾಲುಗಾಳಾಯಿತೆಂದರೆ ಹೊಲ ಕಾಯುವ ಮಂಚಿಕೆ ಹತ್ತಿ ಕೂಗಿ, ಮೇಯಲು ಬಂದ ಚಿಗರಿ ಜಿಂಕೆಗಳನ್ನು ಓಡಿಸುತ್ತಿದ್ದವಳು ನಾನು. ನನ್ನ ಕೂಗಿಗೆ ನಾಲ್ಕು ಹೊಲದಾಚೆಯ ಮಂದಿಯೂ ತಲೆ ಎತ್ತುತ್ತಿದ್ದರು.

ಅಲ್ಲಿ ಬರುವವರು ಹರದಾರಿ ದೂರದಿಂದಲೇ ಕಾಣುತ್ತಾರೆ. ಇಲ್ಲಿ ಮನುಷ್ಯ ಎದುರಿಗೆ ಬಂದು ನಿಂತ ಮೇಲೆಯೇ ಕಾಣುವುದು, ಅಷ್ಟು ಮರ. ಮೂರು ಹೊತ್ತೂ ಅಕ್ಕಿ. ರೊಟ್ಟಿ ಬಡಿಯುವ ಸದ್ದು ನಮ್ಮ ಕ್ವಾರ್ಟರ್ಸಿನಿಂದ ಮಾತ್ರ. ಏನು ಅನ್ನುವುದಕ್ಕೆ ‘ಎಂತ’ ಅನ್ನುತ್ತಾರೆ, ಅದನ್ನು ಕಲಿತೆ. ಸುಮ್ಮನಿರುವುದನ್ನು ಕಲಿಯುವುದೇ ಕಷ್ಟವಾಯಿತು.

ಈ ಕಾಡು ಕಾಯುವುದು ಸಿಂಗಳೀಕಕ್ಕಾಗಿ. ಕರಿ ಮೈ, ಮುಖದ ಸುತ್ತ ಬಿಳಿ ಗಡ್ಡ, ಬಾಲದ ತುದಿಗೆ ಸಿಂಹದ ಹಾಗೆ ಕುಚ್ಚು. ಈ ಘಟ್ಟಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲವಂತೆ. ನಮ್ಮೂರ ಮಂಗನ ಹಾಗೆ ಕಸಿದು ತಿನ್ನುವ ಜಾತಿಯಲ್ಲ. ಮರದ ಮೇಲೇ ಹುಟ್ಟಿ ಅಲ್ಲೇ ಬಾಳುತ್ತದೆ. ಆದರೆ ಘಟ್ಟದ ರಸ್ತೆಯಲ್ಲಿ ಕಾರು ನಿಲ್ಲಿಸಿ ಹಣ್ಣು ಎಸೆಯುವವರು ಹೆಚ್ಚಾದರು. ಒಂದು ಗುಂಪು ಇಳಿಯುವುದನ್ನು ಕಲಿಯಿತು.

“ರಸ್ತೆ ರೂಢಿ ಆತಂದ್ರ ಒಂದೂ ಉಳಿಯೂದಿಲ್ಲವ್ವಾ, ಲಾರಿಗೆ ಸಿಗ್ತಾವು” ಎಂದು ಮಗಳು ಊಟ ಬಿಟ್ಟು ಕೂತಳು.

ಮರುದಿನ ಅವಳ ಜೊತೆ ನಾನೂ ಹೋದೆ. ಮರಿಯನ್ನು ಹೊಟ್ಟೆಗೆ ಅವಚಿಕೊಂಡ ತಾಯಿಯೊಂದು ರಸ್ತೆಯ ಅಂಚಿಗೆ ಬಂದಿತ್ತು. ಕಾರಿನವನ ಕೈಯಲ್ಲಿ ಬಾಳೆಹಣ್ಣು. ಮಗಳು ‘ಬ್ಯಾಡ ಸಾರ್, ಬ್ಯಾಡ ಸಾರ್’ ಅನ್ನುತ್ತಲೇ ಇದ್ದಳು.

“ಹನುಮಂತಂಗೆ ಕೊಡ್ತಿರೋದು ಅಜ್ಜಿ, ಪುಣ್ಯ ಬರುತ್ತೆ” ಎಂದ ನನಗೆ.

“ನಿನ್ನ ಪುಣ್ಯಕ್ಕ ಅದು ಗಾಲಿ ಕೆಳಗ ಬೀಳಬೇಕೇನು?”

ಅವನು ನಕ್ಕ. ತಿರುವಿನಲ್ಲಿ ಲಾರಿಯ ಸದ್ದು ಕೇಳಿತು. ಒದರಿದೆ. ಮಂಚಿಕೆಯ ಮೇಲಿನ ಕೂಗು, ಹೊಟ್ಟೆಯಿಂದ ಬಂದದ್ದು. ತಾಯಿ ಮರಿಸಮೇತ ಮರ ಹತ್ತಿತು. ಅವನೂ ಹಣ್ಣು ಕೆಡವಿ ಕಾರು ಹತ್ತಿದ.

ಸಂಜೆ ಚಹದಂಗಡಿಯ ಸರೋಜಕ್ಕ, “ಎಂತ ಅಜ್ಜಿ, ನಿಮ್ಮ ಕೂಗಿಗೆ ಘಟ್ಟದ ಮೇಲಿನವ್ರೂ ಕೆಲ್ಸ ಬಿಟ್ಟು ನಿಂತ್ರಂತೆ” ಎಂದು ನಕ್ಕಳು. ಈಗ ಕಾರು ನಿಂತರೆ ಮಗಳೇ ಹೇಳುತ್ತಾಳೆ, “ಅವ್ವಾ, ಒದರು.” ಆ ಗುಂಪು ರಸ್ತೆಗೆ ಇಳಿಯುವುದನ್ನು ಬಿಟ್ಟಿದೆ. ‘ಹಣ್ಣು ಹಾಕಬೇಡಿ’ ಎಂಬ ಇಲಾಖೆಯ ಬೋರ್ಡು ಮಾಡದ ಕೆಲಸ ನನ್ನ ಗಂಟಲು ಮಾಡಿತು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಮೊನ್ನೆ ಊರಿಗೆ ಬಂದಿದ್ದೆನಲ್ಲ, ತಮ್ಮನ ಜೋಳಕ್ಕೆ ಚಿಗರಿ ನುಗ್ಗಿದವು. “ಅಕ್ಕಾ, ಒದರು” ಎಂದ. ಒದರಿದೆ. ಅವು ರಸ್ತೆಯ ಕಡೆ ಜಿಗಿದವು, ಅತ್ತಲಿಂದ ಬಸ್ಸು ಬರುತ್ತಿತ್ತು. ಸೀರೆ ಎತ್ತಿ ಕಟ್ಟಿ ಓಡಿದೆ. ನಡುರಸ್ತೆಯಲ್ಲಿ ನಿಂತು ಬಸ್ಸಿಗೂ ಒದರಿದೆ. ನಿಂತಿತು. ಚಿಗರಿ ದಾಟಿದವು.

ಹೊಲದಿಂದ ತಮ್ಮ ಕೂಗಿದ, “ನೀ ಯಾರ ಕಡೆಯಾಕಿ ಅಕ್ಕಾ?”

“ಜೋಳ ಉಳೀತಲ್ಲೋ, ಸುಮ್ನಿರು” ಎಂದೆ.

ಬಸ್ಸಿನ ಡ್ರೈವರು ತಲೆ ಹೊರಗೆ ಹಾಕಿ, “ಯಾವೂರು ಯವ್ವಾ ನಿಂದು?” ಎಂದು ಕೇಳಿದ.

ಅಷ್ಟು ಒದರಿದ ಬಾಯಿಗೆ ಮೊದಲು ಬಂದದ್ದು ಘಟ್ಟದವರ ‘ಎಂತ?’